ಯಾರ ಕಾಗದವನ್ನೂ ಓದದ ಟೈಪಿಂಗ್ ಮೇಷ್ಟ್ರು

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಥಿಯೂ ಮುಗಿದ ಮೇಲೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯವನು ಕಾಗದ ಜೋಡಿಸಿಕೊಡುತ್ತಾ, "ನಿಮ್ ಟೈಪಿಂಗ್ ಮೇಷ್ಟ್ರು ಓಗ್ಬುಟ್ರಲ್ಲ ಮೇಡಂ, ಯಾರೂ ಏಳ್ಲಿಲ್ವಾ?" ಅಂದ. ಯಾರೂ ಹೇಳಿರಲಿಲ್ಲ. ಹೇಳಿ ಕಳಿಸಬೇಕಾದಷ್ಟು ಹತ್ತಿರದವಳಾಗಿ ನಾನು ಉಳಿದಿರಲಿಲ್ಲ. ಕಾಗದ ಹಿಡಿದುಕೊಂಡು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತೆ. ಹಾಸನದ ಎರಡು ಬಸ್ಸು ಹೋದವು, ಹತ್ತಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರಲ್ಲಿ ಅವರು ಟೈಪಿಂಗ್ ಮೇಷ್ಟ್ರು ಅಷ್ಟೆ. ದಂಡಿಗನಹಳ್ಳಿ ಕಡೆಯ ಬೇಸಾಯದ ಮನೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಪರೀಕ್ಷೆಗಳನ್ನು ಪಾಸು ಮಾಡಿ ಹೊಳೆನರಸೀಪುರದಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದಿದ್ದರು. ತೊಂಬತ್ತರ ದಶಕದ ಕೊನೆಗೆ ಮಷಿನ್ನಿನ ಮುಂದೆ ಕೂರುವವರು ಕಡಿಮೆಯಾದರು. ಆಗ ಅವರು ಒಂದು ಕಂಪ್ಯೂಟರ್ ಕೊಂಡರು, ಐವತ್ತರ ಹತ್ತಿರದ ವಯಸ್ಸಿನಲ್ಲಿ. ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಕಾಸಿಲ್ಲದೆ ಸಿಕ್ಕಿದರೂ ಕಳ್ಳಮಾಲಲ್ಲ ಎಂಬುದೇ ಅವರಿಗೆ ಮೊದಲು ಹಿಡಿಸಿದ್ದಂತೆ. ಅದರ ಪುಸ್ತಕಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರು.

ನಾನು ಆಗ ಅಲ್ಲಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದೆ. ಯಾವುದೋ ಕಚೇರಿಯವರು ಹೊಸ ಕಂಪ್ಯೂಟರ್ ತರಿಸಿಕೊಂಡು, ಹಳೆಯ ಇಪ್ಪತ್ತನ್ನು ನಮಗೆ ದಾನ ಕೊಟ್ಟಿದ್ದರು. ಕಚೇರಿಯ ಗುಟ್ಟು ಹೊರಗೆ ಹೋಗಬಾರದೆಂದು ಒಳಗಿನ ಹಾರ್ಡ್ ಡಿಸ್ಕುಗಳನ್ನು ಕಿತ್ತುಕೊಂಡೇ ಕಳಿಸಿದ್ದರು. ಕಂಪ್ಯೂಟರ್ ಲ್ಯಾಬ್ ಅನ್ನುವ ಬೋರ್ಡು ಬರೆಸಿ ಆಗಿತ್ತು. ಹೇಗೂ ಚಿಕ್ಕ ವಯಸ್ಸಿನವರು, ನೀವೇ ನೋಡಿಕೊಳ್ಳಿ ಎಂದು ಪ್ರಿನ್ಸಿಪಾಲರು ಬೀಗದ ಕೈ ನನ್ನ ಮೇಜಿನ ಮೇಲಿಟ್ಟರು. ನನಗೆ ಕಂಪ್ಯೂಟರಿನ ಗಂಧವಿರಲಿಲ್ಲ. ಯಾರೋ ಮೇಷ್ಟ್ರನ್ನು ಕರೆಸಿ ಅಂದರು.

ಬಂದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್, ಹೆಗಲಲ್ಲಿ ರೆಕ್ಸಿನ್ ಚೀಲ. ಒಂದು ಡಬ್ಬಿಯ ಮುಚ್ಚಳ ಬಿಚ್ಚಿ, ಧೂಳು ಊದಿ, ಡಿಸ್ಕು ಇರಬೇಕಾದ ಜಾಗದಲ್ಲಿ ಬೆರಳಾಡಿಸಿ ನೋಡಿದರು. ಇವೆಲ್ಲ ಗುಜರಿಗೆ ಅಲ್ವಾ ಸಾರ್ ಅಂದೆ.

"ಆಸ್ಟೆಲ್ ಅಡುಗೆಮನೇಲಿ ಒಲೆ ಎಷ್ಟಿರ್ತವೆ ಮೇಡಂ? ಒಂದೇ. ತಟ್ಟೆ ಇಪ್ಪತ್ತು," ಅಂದರು. "ಒಂದು ಗಟ್ಟಿ ಒಲೆ ತನ್ನಿ. ತಟ್ಟೆ ಇವೇ ಸಾಕು ಕಣ್ರಮ್ಮ."

ಆ ಒಲೆಯೇ ಸರ್ವರ್. ಇರುವುದರಲ್ಲಿ ಶಕ್ತಿಯುಳ್ಳ ಒಂದೇ ಹೊಸ ಕಂಪ್ಯೂಟರನ್ನು ಕಾಲೇಜು ಕೊಂಡಿತು. ಇಪ್ಪತ್ತು ಹಳೆಯ ಡಬ್ಬಿಗಳಿಗೂ ಅದರಿಂದ ತಂತಿ ಎಳೆದರು. ಪ್ರತಿ ಡಬ್ಬಿಗೂ ಒಂದೊಂದು ಫ್ಲಾಪಿ. ಸ್ವಿಚ್ ಹಾಕಿದರೆ ಡಬ್ಬಿಯು ಫ್ಲಾಪಿಯಲ್ಲಿರುವ ನಾಲ್ಕು ಮಾತು ಓದಿಕೊಂಡು, ತಂತಿಯಲ್ಲಿ ಸರ್ವರನ್ನು ನಾನು ಯಾರು ಎಂದು ಕೇಳುತ್ತಿತ್ತು. ಸರ್ವರ್ ಅದಕ್ಕೊಂದು ನಂಬರು ಕೊಟ್ಟು, ಮಿಕ್ಕಿದ್ದನ್ನೆಲ್ಲ ತಾನೇ ಬಡಿಸುತ್ತಿತ್ತು. ಹುಡುಗಿ ಯಾವ ಡಬ್ಬಿಯ ಮುಂದೆ ಕೂತರೂ ಅವಳು ಬರೆದದ್ದೆಲ್ಲ ಸರ್ವರಿನಲ್ಲಿ ಅವಳ ಹೆಸರಿನ ಗೂಡಿನಲ್ಲಿ ಉಳಿಯುತ್ತಿತ್ತು. ಇಪ್ಪತ್ತೂ ಪರದೆಗಳಲ್ಲಿ ಬೂದು ಬಣ್ಣ ಮೂಡುವ ತನಕ ಅವರು ಕೂರಲಿಲ್ಲ. ಇಪ್ಪತ್ತನೆಯದು ಬಂದಾಗ ಕುರ್ಚಿ ಎಳೆದುಕೊಂಡು, ಒಂದು ಲೋಟ ನೀರು ಕೊಡಿ ಅಂದರು.

ಟೈಪಿಸ್ಟುಗಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಮೌಸನ್ನು ಆದಷ್ಟು ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಲ್ಯಾಬಿನಲ್ಲಿ ನಿಂತು, ಮೂರನೇ ಸಾಲಿನ ಹುಡುಗಿಗೆ ಎಡಗೈ ಕಿರುಬೆರಳು ಬಳಸುತ್ತಿಲ್ಲ ಎಂದು ಹೇಳಬಲ್ಲವರಾಗಿದ್ದರು. ಕೆಟ್ಟದ್ದನ್ನು ಹುಡುಕುವುದೂ ಹಾಗೆಯೇ, ಮೊದಲು ಕಿವಿಯಿಂದ. ಅರಕಲಗೂಡಿನ ಒಂದು ಶಾಲೆಯಲ್ಲಿ ಇಂಥದ್ದೇ ಹನ್ನೆರಡು ಟರ್ಮಿನಲ್, ಅಂದರೆ ಡಿಸ್ಕಿಲ್ಲದ ಡಬ್ಬಿ, ಹಾಕಿದ್ದರು. ಅಲ್ಲಿ ಬೆಳಿಗ್ಗೆ ಒಂದು ಹೊತ್ತಿಗೆ ಹನ್ನೆರಡೂ ಪರದೆಗಳು ಒಟ್ಟಿಗೆ ಕಪ್ಪಾಗಿ ಮೊದಲಿನಿಂದ ಶುರುವಾಗುತ್ತಿದ್ದವು. ವೈರಸ್ ಅಂದರು, ಕೆಟ್ಟ ಸಾಮಾನು ಅಂದರು, ಹೆಡ್‌ಮಾಸ್ಟರು ನಿಂಬೆಹಣ್ಣನ್ನೂ ಕಟ್ಟಿಸಿದರು. ಒಂದು ಶನಿವಾರ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು, ಕಲಿಯಲಿ ಎಂದು. ಅವರು ಕಂಪ್ಯೂಟರನ್ನು ನೋಡಲೇ ಇಲ್ಲ. ಹೊರಗೆ ಹೋಗಿ ಕಾಂಪೌಂಡಿನ ಮೇಲೆ ಕೂತರು. ಪರದೆಗಳು ಕಪ್ಪಾದ ಕ್ಷಣಕ್ಕೆ ಸರಿಯಾಗಿ ಪಕ್ಕದ ನೀರಿನ ಟ್ಯಾಂಕಿನ ಮೋಟರು ಗುಂಯ್ ಅಂದಿತು. ಮೋಟರು ಎಳೆದುಕೊಂಡಾಗ ಶಾಲೆಯ ಕರೆಂಟು ಕುಗ್ಗಿ ಡಬ್ಬಿಗಳು ಸಾಯುತ್ತಿದ್ದವು. ಸರ್ವರಿಗೆ ಯುಪಿಎಸ್ ಇದ್ದುದರಿಂದ ಅದೊಂದು ಮಾತ್ರ ಬದುಕುತ್ತಿತ್ತು. ಟ್ಯಾಂಕಿನವನಿಗೆ ಒಂದು ಟೀ ಕುಡಿಸಿ, ಶಾಲೆ ಶುರುವಾಗುವುದಕ್ಕೆ ಮುಂಚೆ ನೀರು ಬಿಡುವಂತೆ ಒಪ್ಪಿಸಿ ಬಂದರು. ರಿಪೇರಿ ಅಷ್ಟೇ.

ಸರ್ವರ್ ನೋಡಿಕೊಳ್ಳುವವನಿಗೆ ಯಾರ ಗೂಡನ್ನಾದರೂ ತೆಗೆಯುವ ಅಧಿಕಾರವಿರುತ್ತದೆ. ಹುಡುಗಿಯರ ಪಾಸ್‌ವರ್ಡು ಪಕ್ಕದವಳಿಂದ ಕಾಪಾಡುತ್ತದೆಯೇ ಹೊರತು ಅವನಿಂದಲ್ಲ. ಮೇಷ್ಟ್ರು ಇದನ್ನು ಮುಚ್ಚಿಡಲಿಲ್ಲ. ಮೊದಲ ದಿನವೇ ಹುಡುಗಿಯರಿಗೆ ಹೇಳಿದರು: ನಾನು ತೆಗೆಯಬಲ್ಲೆ, ಆದರೆ ತೆಗೆಯುವುದಿಲ್ಲ. ಒಮ್ಮೆ ಡಿಸ್ಕು ತುಂಬಿ ಯಾರಿಗೂ ಒಳಗೆ ಹೋಗಲಾಗದೆ ಇದ್ದಾಗಲೂ ಯಾರ ಗೂಡು ಎಷ್ಟು ದೊಡ್ಡದು ಎಂದಷ್ಟೇ ನೋಡಿ, ಆಯಾ ಹುಡುಗಿಯನ್ನು ಕರೆಸಿ, ಬೇಡದ್ದನ್ನು ನೀನೇ ಅಳಿಸವ್ವಾ ಅಂದು ಬೇರೆ ಕಡೆ ತಿರುಗಿ ನಿಂತರು.

ಇದು ಅವರಿಗೆ ಟೈಪಿಂಗಿನಿಂದ ಬಂದದ್ದು. ಊರಿನವರು ಅವರ ಹತ್ತಿರ ಏನೇನೋ ಟೈಪು ಮಾಡಿಸಿದ್ದರು. ಅಣ್ಣನ ಮೇಲೆ ತಮ್ಮನ ದೂರು, ಗಂಡ ಬಿಟ್ಟವಳ ಅರ್ಜಿ, ಹೆಸರಿಲ್ಲದ ಕಾಗದ. ಒಂದು ಸಲ, ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬೀದಿಯಲ್ಲಿ ಅವರ ಮುಖ ಹೇಗೆ ನೋಡುತ್ತಿದ್ದಿರಿ ಎಂದು ಕೇಳಿದೆ.

"ಬೆರಳು ಓದ್ತದೆ ಮೇಡಂ. ನಾನು ಓದಲ್ಲ," ಅಂದರು.

ಹುಡುಗಿಯರು ಲ್ಯಾಬಿನಲ್ಲಿ ಏನು ಬರೆಯುತ್ತಾರೆಂದು ತಿಂಗಳಿಗೊಮ್ಮೆ ನೋಡಿ ಹೇಳಿ ಎಂದು ಪ್ರಿನ್ಸಿಪಾಲರು ಕೇಳಿದ್ದುಂಟು. ಅದಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಸಾ ಅಂದರು ಮೇಷ್ಟ್ರು. ಬೇರೆಯವರು ಸಿಗುವುದಿಲ್ಲವೆಂದು ಪ್ರಿನ್ಸಿಪಾಲರಿಗೂ ಗೊತ್ತಿತ್ತು.

ಎರಡನೇ ವರ್ಷದ ಬಿ.ಕಾಂ.ನಲ್ಲಿ ರಾಮನಾಥಪುರದ ಕಡೆಯಿಂದ ಬರುವ ಒಬ್ಬ ಹುಡುಗಿಯಿದ್ದಳು. ತಂದೆ ಹೊಗೆಸೊಪ್ಪು ಬೆಳೆಯುವವರು. ಬಸ್ಸಿಗೆ ಹೊತ್ತಿದ್ದ ದಿನ ಲ್ಯಾಬಿನಲ್ಲಿ ಉಳಿದು ಟೈಪಿಂಗ್ ಕಲಿಯುತ್ತಿದ್ದಳು. ಮಾತು ಕಡಿಮೆ. ಮೇಷ್ಟ್ರು ಅವಳ ಕೈಯನ್ನು ಹೊಗಳಿದ್ದನ್ನು ನಾನು ಕೇಳಿದ್ದೇನೆ. ಅವರು ಹೊಗಳಿದ ಇನ್ನೊಂದು ಕೈ ನನಗೆ ನೆನಪಿಲ್ಲ.

ಅವಳು ಒಂದು ಸೋಮವಾರ ಕಾಲೇಜಿಗೆ ಬರಲಿಲ್ಲ. ಬುಧವಾರ ಅವಳ ತಂದೆ ಮತ್ತು ಸೋದರಮಾವ ಬಂದರು. ಕಾಲೇಜಿಗೆಂದು ಹೊರಟವಳು ಮನೆಗೆ ಮರಳಿರಲಿಲ್ಲ. ನೆಂಟರ ಮನೆಗಳನ್ನೆಲ್ಲ ಹುಡುಕಿ ಆಗಿತ್ತು. ಅವಳು ಕಂಪ್ಯೂಟರಿನಲ್ಲಿ ಬಹಳ ಬರೆಯುತ್ತಿದ್ದಳೆಂದು ಯಾರೋ ಗೆಳತಿ ಹೇಳಿದ್ದಳು. ಅದನ್ನು ತೆಗೆಸಿ ನೋಡಿ ಎಂದು ಅವರು ಪ್ರಿನ್ಸಿಪಾಲರನ್ನು ಕೇಳಿದರು. ಪ್ರಿನ್ಸಿಪಾಲರು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು, ಆ ಮಗು ಬಂದು ತೆಗಿ ಅಂದರೆ ತೆಗೆಯುತ್ತೇನೆ, ನೀವು ಪೊಲೀಸಿಗೆ ಹೇಳಿ ಅಂದರು. ಪೊಲೀಸ್ ಅಂದ ಕೂಡಲೇ ಸೋದರಮಾವನ ಮುಖ ಬಿಗಿಯಿತು. ಮನೆಯ ಮರ್ಯಾದೆ ಬೀದಿಗೆ ಬೀಳುತ್ತದೆ ಅಂದ. ತಂದೆ ಚಪ್ಪಲಿ ಬಿಟ್ಟು ಲ್ಯಾಬಿನ ಹೊಸ್ತಿಲ ಮೇಲೆ ಕೂತರು. ಒಂದು ಗಂಟೆ ಹಾಗೇ ಕೂತಿದ್ದು ಆಮೇಲೆ ಮೇಷ್ಟ್ರ ಕಡೆ ನೋಡದೆ ಹೇಳಿದರು: "ಜೀವಂತವಾಗವಳಾ ಇಲ್ವಾ, ಅಷ್ಟೇಳಿ ಸಾ. ಬ್ಯಾರೇನೂ ಕೇಳಕಿಲ್ಲ."

ಮೇಷ್ಟ್ರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ನಾನು ಹಿಂದೆಯೇ ಹೋದೆ. ನಾನು ಹೋಗದೆ ಇದ್ದಿದ್ದರೆ ಅವರು ಒಪ್ಪುತ್ತಿರಲಿಲ್ಲ, ಇದು ನನಗೆ ಖಾತ್ರಿ. ಹೋದವಳು ಹೇಳಿದೆ: "ಅವಳು ಹೊಳೆಯ ದಾರಿ ಹಿಡಿದಿದ್ದರೆ ಮೇಷ್ಟ್ರೇ? ಆಮೇಲೆ ನಿಮ್ಮ ನೇಮ ಇಟ್ಟುಕೊಂಡು ಏನು ಮಾಡ್ತೀರಿ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನೀವು ತೆಗಿ ಅಂತೀರಾ?" ಅಂತ ಕೇಳಿದರು.

"ತೆಗೀರಿ," ಅಂದೆ.

ಆ ಹುಡುಗಿಯ ಜೀವದ ಭಯ ನನಗೆ ನಿಜವಾಗಿಯೂ ಇತ್ತು. ಜೊತೆಗೆ ಅವಳು ಅಷ್ಟೊಂದು ಏನು ಬರೆಯುತ್ತಿದ್ದಳೆಂಬ ಕುತೂಹಲವೂ ಇತ್ತು. ಎರಡರಲ್ಲಿ ಯಾವುದು ಎಷ್ಟಿತ್ತೆಂದು ಈಗ ಅಳೆಯಲಾಗುವುದಿಲ್ಲ. ಆದರೆ ಎರಡನೆಯದು ಇತ್ತು.

ಸರ್ವರಿನ ಮುಂದೆ ಕೂತು ಅವಳ ಗೂಡು ತೆಗೆದರು. ಕೊನೆಯ ಕಾಗದವೊಂದನ್ನು ಮಾತ್ರ ತೆರೆದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು, ಹಾಸನದ ಗೆಳತಿಗೆ; ಮೇಲೆ ಗೆಳತಿಯ ಹಾಸ್ಟೆಲಿನ ವಿಳಾಸವೂ ಇತ್ತು. ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ. ಸೋಮವಾರ ಬರುತ್ತೇನೆ. ನೀನು ಹೇಳಿದ ಪ್ರೆಸ್ಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರುತ್ತೇನೆ. ನಿನ್ನ ಹಾಸ್ಟೆಲಿನಲ್ಲೇ ಇರುತ್ತೇನೆ. ಒಂದು ವರ್ಷ ಕಳೆಯಲಿ, ನಾನೇ ಅಪ್ಪನ ಹತ್ತಿರ ಹೋಗಿ ಹೇಳುತ್ತೇನೆ.

ಮೇಷ್ಟ್ರು ಓದಿದ ಕೂಡಲೇ ಕಾಗದವನ್ನು ಮುಚ್ಚಿ ತಂದೆಯ ಕಡೆ ತಿರುಗಿದರು. "ಮಗಳು ಚೆನ್ನಾಗವಳೆ. ಎಲ್ಲವಳೆ ಅಂತ ನಾನು ಏಳಲ್ಲ. ನಾನೇ ಓಗಿ ಕಂಡು, ಮಾತಾಡ್ಕಂಡು ಬತ್ತೀನಿ."

ತಂದೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಆದರೆ ಮೇಷ್ಟ್ರ ಬೆನ್ನ ಹಿಂದೆ ಸೋದರಮಾವ ನಿಂತಿದ್ದ. ಅವನಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಟೈಪು ಮಾಡುವ ಕಾಗದವನ್ನು ಕೈಯಿಂದ ಮರೆ ಮಾಡಬಹುದು. ಪರದೆ ಹಿಂದೆ ನಿಂತವನಿಗೂ ಕಾಣುತ್ತದೆ. ಅಷ್ಟು ವರ್ಷ ಟರ್ಮಿನಲ್ಲುಗಳ ನಡುವೆ ಓಡಾಡಿದ ಮೇಷ್ಟ್ರಿಗೆ ಅದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೂ ಹೊಳೆಯಲಿಲ್ಲ. ಸೋದರಮಾವ ಹಾಸ್ಟೆಲಿನ ಹೆಸರನ್ನು ಜೋರಾಗಿಯೇ ಒಮ್ಮೆ ಹೇಳಿ, ನಡೀರಿ ಬಾವ ಅಂದ.

ಸಂಜೆಯ ಹೊತ್ತಿಗೆ ಅವಳನ್ನು ಕರೆತಂದರು. ಮೇಷ್ಟ್ರು ಮುಂದಿನ ಬಸ್ಸಿನಲ್ಲೇ ಹಾಸನಕ್ಕೆ ಹೊರಟಿದ್ದರು. ಅವರು ಹಾಸ್ಟೆಲು ಮುಟ್ಟುವಷ್ಟರಲ್ಲಿ ಸೋದರಮಾವನ ಜೀಪು ಬಂದು ಹೋಗಿತ್ತಂತೆ. ತಿಂಗಳೊಳಗೆ ಅರಕಲಗೂಡಿನ ಕಡೆ ಅವಳ ಮದುವೆಯಾಯಿತು. ತಂದೆ ಅದನ್ನು ತಡೆಯಲು ನೋಡಿದರು, ಆದರೆ ಮನೆಯಲ್ಲಿ ಅವರ ಮಾತು ನಡೆಯಲಿಲ್ಲ ಎಂದು ಆಮೇಲೆ ಕೇಳಿದೆ. ಅವಳು ಕಾಲೇಜಿಗೆ ಮತ್ತೆ ಬರಲಿಲ್ಲ. ಸರ್ವರಿನಲ್ಲಿ ಅವಳ ಗೂಡು ಹಾಗೇ ಇತ್ತು.

ಮೇಷ್ಟ್ರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ವಾದ ಮಾಡುತ್ತಿದ್ದೆ, ಅತ್ತು ಬಿಡುತ್ತಿದ್ದೆ, ಹಗುರವಾಗುತ್ತಿದ್ದೆ. ಅವರು ಬಂದು ಕೆಲಸ ಮಾಡಿ ಹೋಗುತ್ತಿದ್ದರು. ನೀರು ಕೇಳುವುದನ್ನು ಬಿಟ್ಟರು.

ಎರಡು ತಿಂಗಳ ಮೇಲೆ ಹೊಸದೊಂದನ್ನು ಶುರು ಮಾಡಿದರು. ಪ್ರತಿ ಹುಡುಗಿಯೂ ತನ್ನ ಕಾಗದಕ್ಕೆ ತಾನೇ ಬೀಗ ಹಾಕುವುದನ್ನು ಕಲಿಸಿದರು. ಅವಳು ಮನಸ್ಸಿನಲ್ಲಿಟ್ಟುಕೊಂಡ ಒಂದು ಮಾತನ್ನು ಕೊಟ್ಟರೆ ಕಾಗದ ಕಲಸಿದ ಅಕ್ಷರವಾಗುತ್ತಿತ್ತು. ಅದೇ ಮಾತಿಲ್ಲದೆ ಯಾರಿಗೂ ತೆರೆಯುತ್ತಿರಲಿಲ್ಲ, ಸರ್ವರ್ ನೋಡಿಕೊಳ್ಳುವವನಿಗೂ. ಒಬ್ಬೊಬ್ಬಳನ್ನೂ ಕೂರಿಸಿಕೊಂಡು, ಮಾತನ್ನು ಟೈಪು ಮಾಡುವಾಗ ತಾವು ಗೋಡೆಯ ಕಡೆ ತಿರುಗಿಕೊಂಡು ಕಲಿಸಿದರು. ನಮ್ಮಲ್ಲಿ ಮುಗಿಸಿ ಅರಕಲಗೂಡಿಗೆ ಹೋದರು, ಚನ್ನರಾಯಪಟ್ಟಣಕ್ಕೆ ಹೋದರು, ಹಾಸನದಲ್ಲಿ ತಾವು ನೋಡಿಕೊಳ್ಳುತ್ತಿದ್ದ ಎರಡು ಲ್ಯಾಬುಗಳಿಗೂ ಹೋದರು. ಇದು ಅಷ್ಟೊಂದು ಬೇಕೇ ಎಂದು ಕೇಳಿದೆ. ನಾನು ತೆಗೆಯಲ್ಲ ಅನ್ನೋದು ಸಾಲದು ಅಂತ ಗೊತ್ತಾಯ್ತಲ್ಲ ಅಂದರು. ಆ ವಿಷಯದ ಬಗ್ಗೆ ನನ್ನ ಹತ್ತಿರ ಅವರಾಡಿದ್ದು ಅದೊಂದೇ.

ಮುಂದಿನ ವರ್ಷ ಕೊನೆಯ ವರ್ಷದ ಇಬ್ಬರು ಹುಡುಗಿಯರು ಪ್ರಾಜೆಕ್ಟ್ ವರದಿ ಒಪ್ಪಿಸುವ ವಾರ ತಮ್ಮ ಬೀಗದ ಮಾತನ್ನು ಮರೆತರು. ವರದಿ ಕಣ್ಣೆದುರಿಗಿದೆ, ತೆರೆಯುವುದಿಲ್ಲ. ಹುಡುಗಿಯರು ಅಳುತ್ತಿದ್ದರು. ಪ್ರಿನ್ಸಿಪಾಲರು ಮೇಷ್ಟ್ರನ್ನು ಕರೆಸಿ, ಬೀಗ ಮಾಡಿದವನಿಗೆ ಅದರ ಕೀಲಿ ಗೊತ್ತಿರುವುದಿಲ್ಲವೇನ್ರೀ ಎಂದು ಕೇಳಿದರು.

"ಗೊತ್ತಿರಬಾರ್ದು ಅಂತ್ಲೇ ಮಾಡಿದ್ದು ಸಾ," ಅಂದರು ಮೇಷ್ಟ್ರು.

ಇವರು ಬೇಕೆಂದೇ ಹಟ ಮಾಡುತ್ತಿದ್ದಾರೆಂದು ಪ್ರಿನ್ಸಿಪಾಲರು ನಂಬಿದರು. ಹಿಂದೆ ಒಮ್ಮೆ ತೆಗೆದವರು ಈಗೇಕೆ ತೆಗೆಯಬಾರದು ಎಂದು ನನ್ನ ಎದುರಿಗೇ ಕೇಳಿದರು. ಮೇಷ್ಟ್ರು ತಲೆ ತಗ್ಗಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮೇಷ್ಟ್ರು ಆ ಇಬ್ಬರ ಕಚ್ಚಾ ಟಿಪ್ಪಣಿಗಳನ್ನು ತರಿಸಿ, ಮೂರು ದಿನ ಲ್ಯಾಬಿನಲ್ಲಿ ಕೂತು, ಹುಡುಗಿಯರು ಓದಿ ಹೇಳಿದಂತೆ ಎರಡು ವರದಿಗಳನ್ನೂ ತಾವೇ ಹೊಸದಾಗಿ ಟೈಪು ಮಾಡಿಕೊಟ್ಟರು. ವರದಿ ಸಮಯಕ್ಕೆ ಹೋಯಿತು. ಬೇಸಿಗೆ ರಜೆಯಲ್ಲಿ ಕಾಲೇಜು ಅವರನ್ನು ಬಿಡಿಸಿತು. ಒಂದೊಂದಕ್ಕೂ ತನ್ನದೇ ಡಿಸ್ಕಿರುವ ಹೊಸ ಕಂಪ್ಯೂಟರುಗಳು ಬಂದವು, ಜೊತೆಗೆ ಟೈ ಕಟ್ಟಿದ ಒಬ್ಬ ಕಂಪನಿಯವನೂ ಬಂದ. ಹಳೆಯ ಡಬ್ಬಿಗಳು ಸೈಕಲ್ ಸ್ಟ್ಯಾಂಡಿನ ಮೂಲೆ ಸೇರಿದವು. ಸುದ್ದಿ ಹಬ್ಬಿ ಮಿಕ್ಕ ಊರುಗಳ ಲ್ಯಾಬುಗಳೂ ಒಂದೊಂದಾಗಿ ಅವರ ಕೈತಪ್ಪಿದವು. ಅವರು ಇನ್‌ಸ್ಟಿಟ್ಯೂಟಿನ ಬೋರ್ಡು ಇಳಿಸಿ ಊರಿಗೆ ಹೋದರು.

ಒಮ್ಮೆ ಮಾತ್ರ ಚನ್ನರಾಯಪಟ್ಟಣದಲ್ಲಿ ಕಂಡರು, ಗೊಬ್ಬರದ ಅಂಗಡಿಯ ಮುಂದೆ. ತೆಳ್ಳಗಾಗಿದ್ದರು. ಹೊಸ ಲ್ಯಾಬು ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ವೈರಸ್ ಹಿಡಿದು ಕೂತಿವೆ ಅಂದೆ, ನಗುತ್ತಾರೆಂದುಕೊಂಡು. ನಗಲಿಲ್ಲ. ಪಾಪ, ಹುಡುಗೀರಿಗೆ ತೊಂದರೆ ಅಂದರು. ಅವತ್ತು ಕ್ಷಮೆ ಕೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಂಗಡಿಯವನು ಅವರನ್ನು ಕರೆದ.

ತೀರಿಕೊಂಡ ಸುದ್ದಿ ತಿಳಿದ ಮೇಲೆ, ಇನ್ನೂ ಒಂದು ತಿಂಗಳೂ ಆಗಿರಲಿಲ್ಲ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮೇಡಂ ಅಂದರು. ಅವಳೇ, ರಾಮನಾಥಪುರದ ಕಡೆಯ ಆ ಹುಡುಗಿ. ಐದಾರು ವರ್ಷದ ಮಗಳನ್ನು ಕೈಹಿಡಿದುಕೊಂಡಿದ್ದಳು. ಮೊದಲಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದಳು. ಊರಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿದೆ, ಗಂಡ ಕೆಟ್ಟವರೇನಲ್ಲ ಅಂದಳು. ಡಿಗ್ರಿ ಆಗಲಿಲ್ಲ ಅಂದಳು. ನಾನು ಮೇಷ್ಟ್ರು ಹೋದ ಸುದ್ದಿ ಹೇಳಿದೆ. ಅವಳಿಗೆ ತಿಳಿದಿರಲಿಲ್ಲ. ಮಗಳ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ನಮ್ಮೂರಿಗೆ ಬಂದಿದ್ರು ಮೇಡಂ," ಅಂದಳು. "ಮದುವೆ ಆದ ವರ್ಷವೇ. ಬಸ್ಸು ಬರಲ್ಲ ನಮ್ಮೂರಿಗೆ, ನಡ್ಕಂಡು ಬಂದಿದ್ರು. ಬಾಗ್ಲಲ್ಲೇ ನಿಂತ್ಕಂಡು, ನಿನ್ನ ಕಾಗದ ತೆಗೆದೋನು ನಾನೇ ಕಣವ್ವ, ತಪ್ಪಾಯ್ತು ಅಂದ್ರು. ಯಾರು ತೆಗೆಸಿದ್ದು ಅಂತ ಕೇಳಿದೆ. ಯಾರೂ ಇಲ್ಲ, ನಾನೇ ಅಂದ್ರು."

"ನೀನು ಏನಂದೆ?"

"ಏನೂ ಅನ್ಲಿಲ್ಲ. ನೀರು ಕೊಟ್ಟೆ. ಕೂತ್ಕಳಿ ಅನ್ಲಿಲ್ಲ. ಕುಡಿದು, ಚೊಂಬು ಕೆಳಗಿಟ್ಟು ಹೋದ್ರು."

ಅಷ್ಟು ವರ್ಷ ಎಲ್ಲೂ ಹೇಳದೆ ಇಟ್ಟುಕೊಂಡದ್ದನ್ನು ಆಗ ಹೇಳಿದೆ. ಬೇವಿನ ಮರದ ಕೆಳಗೆ ಅವರು ಕೇಳಿದ್ದು, ನಾನು ತೆಗೀರಿ ಅಂದದ್ದು, ಎಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. ಕೋಪ ಮಾಡಿಕೊಳ್ಳುತ್ತಾಳೆಂದು ಕಾದೆ. ಅರಕಲಗೂಡಿನ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಅವಳು ಮಗಳನ್ನು ಎತ್ತಿಕೊಂಡಳು.

"ಅವರು ಇರೋವಾಗ್ಲೇ ಹೇಳಬೇಕಿತ್ತು ಮೇಡಂ," ಅಂದಳು. "ಅವರನ್ನ ಒಳಕ್ಕೆ ಕರೀತಿದ್ದೆ."